ಮೂರು ಸಾಲಿನ ಕಾರ್ಡು

"ತಂತಿಗೆ ಚುಚ್ಚಿದ್ದ ಕಾರ್ಡು ಎಲ್ಲಾ ನಾನೇ ತೆಗದು ತಿಪ್ಪಿಗಿ ಹಾಕೀನ್ರಿ ಅತ್ತಿ," ಎಂದು ಆದೆಮ್ಮ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ವೀರಭದ್ರಮ್ಮ ತೊಲೆಯ ಕಡೆ ನೋಡಿದಳು. ವರ್ಷಗಟ್ಟಲೆ ಕಾರ್ಡುಗಳ ಭಾರಕ್ಕೆ ಬಾಗಿದ್ದ ತಂತಿ ಈಗ ಬರಿದಾಗಿ ನೇತಾಡುತ್ತಿತ್ತು. ಗಂಡ ಜಂಬಣ್ಣ ಪುಣೆಗೆ ಕಲ್ಲು ಕಟ್ಟುವ ಕೆಲಸಕ್ಕೆ ಹೋಗಿ, ಅಲ್ಲಿಂದ ನಾಲ್ಕು ವರ್ಷ ಬರೆದ ಮೂವತ್ತೊಂದು ಕಾರ್ಡುಗಳು ಅವು. ಐದನೆಯ ವರ್ಷ ಅವನು ಅಲ್ಲೇ ಜ್ವರದಲ್ಲಿ ತೀರಿಕೊಂಡ. ಫೋಟೋ ತೆಗೆಸಿಕೊಂಡವನಲ್ಲ. ಗಬ್ಬೂರಿನ ಆ ಮನೆಯಲ್ಲಿ ಅವನದು ಅಂತ ಉಳಿದದ್ದು ಆ ಕಾರ್ಡುಗಳಷ್ಟೇ.

"ಯಾಕ ಹಾಕಿದಿ ಬೇ?"

"ಎಲ್ಲಾದ್ರ ಮೂಲಿ ಹರಿದಿತ್ತಲ್ರೀ."

ಸಾವಿನ ಸುದ್ದಿ ಬರೆದ ಕಾಗದದ ಮೂಲೆ ಹರಿದು ಕಳಿಸುವುದು ಆ ಕಡೆಯ ಪದ್ಧತಿ. ಅಂಥದ್ದನ್ನು ಬಾಗಿಲ ಹೊರಗೇ ಓದಿಸಿ ಹರಿದು ಬಿಸಾಡಬೇಕು. ಮನೆಯೊಳಗೆ ಇಡಬಾರದು, ಎರಡನೆಯ ಸಲ ಓದಲೂ ಬಾರದು. ಮಾನ್ವಿಯ ಕಡೆಯಿಂದ ಗಂಡನ ಮನೆಗೆ ಬಂದು ಎರಡೇ ತಿಂಗಳಾಗಿದ್ದ, ಏಳನೆಯ ತರಗತಿಯವರೆಗೆ ಓದಿದ್ದ ಸೊಸೆ ಉಗಾದಿಯ ಸುಣ್ಣಕ್ಕೆಂದು ತೊಲೆಗೆ ಕೈ ಹಾಕಿದ್ದಳು. ಒಂದಲ್ಲ ಎರಡಲ್ಲ, ಇಷ್ಟು ಸಾವಿನ ಕಾರ್ಡುಗಳು ನಡುಮನೆಯಲ್ಲೇ ನೇತಾಡುವುದನ್ನು ಕಂಡು ಅವಳು ಹೆದರಿದ್ದಳು. ಒಂದಕ್ಷರ ಓದದೆ, ಮುಖ ತಿರುಗಿಸಿಕೊಂಡೇ ಕಸದ ಬುಟ್ಟಿಗೆ ತುಂಬಿದ್ದಳು.

"ಇಲಿ ಕಡದದ್ದು ಬೇ ಅದು, ಇಲಿ!" ಎಂದಷ್ಟೇ ಹೇಳಿ ವೀರಭದ್ರಮ್ಮ ಕಂಬ ಹಿಡಿದು ಕುಳಿತಳು.

ಆದೆಮ್ಮ ತಿಪ್ಪೆಗೆ ಓಡಿ ಹೋಗಿ ನೋಡಿದರೆ ತಿಪ್ಪೆಯೇ ಇಲ್ಲ. ಮಗ ದುರುಗಪ್ಪ ಬೆಳಿಗ್ಗೆಯಿಂದ ಬಂಡಿಗೆ ಗೊಬ್ಬರ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದ. ಗಂಡ ಹೆಂಡತಿ ಸಂಜೆಯವರೆಗೆ ಹೊಲದ ಗೊಬ್ಬರದ ಗುಡ್ಡೆಗಳನ್ನೆಲ್ಲ ಕೆದಕಿದರು. ಬೇಸಿಗೆಯ ಗಾಳಿ ಎಲ್ಲಿಗೆ ಹಾರಿಸಿಕೊಂಡು ಹೋಗಿತ್ತೋ, ಒಂದೂ ಸಿಗಲಿಲ್ಲ.

ಅತ್ತೆ ಬೈದಿದ್ದರೆ ಆದೆಮ್ಮ ಅತ್ತಾದರೂ ಹಗುರಾಗುತ್ತಿದ್ದಳು. ವೀರಭದ್ರಮ್ಮ ಬೈಯಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅಷ್ಟೇ. ಮೂರನೆಯ ದಿನ ಆದೆಮ್ಮ ತಾನಾಗಿಯೇ ಪೋಸ್ಟಿನ ವಲಿ ಪಾಷಾನ ಮನೆ ಹುಡುಕಿಕೊಂಡು ಹೋದಳು.

ಪಾಷಾ ಊರಿನ ಟಪಾಲು ಹಂಚಿ ಹಂಚಿಯೇ ಮುದುಕನಾದವನು. ಈಗ ಕೆಲಸ ಬಿಟ್ಟಿದ್ದ, ಕಣ್ಣಿಗೆ ಪೊರೆ ಬಂದಿತ್ತು. ಮದುವೆಯಾಗಿ ಎರಡು ವರ್ಷಕ್ಕೆ ಹೆಂಡತಿ ನೂರ್ ಬೀ ತೀರಿಕೊಂಡ ಮೇಲೆ ಅವನು ಮತ್ತೆ ಲಗ್ನದ ಮಾತೆತ್ತಿರಲಿಲ್ಲ. ಅಕ್ಷರ ಬಾರದ ವೀರಭದ್ರಮ್ಮನಿಗೆ ಜಂಬಣ್ಣನ ಕಾರ್ಡು ಓದಿ ಹೇಳಿದವನು ಅವನೇ. ಜಂಬಣ್ಣ ಹೋದ ಮೇಲೂ ಅಮಾವಾಸ್ಯೆ ಅಮಾವಾಸ್ಯೆಗೆ ಮಧ್ಯಾಹ್ನ ಬಂದು, ಅವಳು ಕೈಗೆ ಕೊಟ್ಟ ಕಾರ್ಡನ್ನು ಓದಿ, ಬಿಸಿ ರೊಟ್ಟಿ ಉಂಡು ಹೋಗುವುದು ತಪ್ಪಿರಲಿಲ್ಲ.

"ಮಾವಾ, ನಿಮಗ ಏನರ ನೆನಪು ಅದ ಏನ್ರಿ? ನೀವು ಹೇಳ್ರಿ, ನಾ ಬರಕೊಂತೀನಿ," ಎಂದಳು ಆದೆಮ್ಮ. ಅಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು.

"ಏನರ ಅಂತಿಯಲ್ಲವ್ವಾ! ಒಂದೊಂದನ್ನ ಇಪ್ಪತ್ತು ಸಲ ಓದೀನಿ. ಮೂವತ್ತೊಂದೂ ಇಲ್ಲೇ ಅದಾವ," ಎಂದು ಪಾಷಾ ಹಣೆ ಮುಟ್ಟಿ ತೋರಿಸಿದ. "ಆದ್ರ ಎರಡು ಪ್ರತಿ ಬರಿಬೇಕು. ಒಂದು ನಿಮ್ಮಲ್ಲಿರ್ಲಿ, ಒಂದು ನನ್ನ ಟ್ರಂಕಿನ್ಯಾಗ. ಒಂದ ಕಡಿ ಇಟ್ರ ಇಲಿ ಬಿಟ್ಟದ್ದನ್ನ ಸೊಸಿ ಒಯ್ತಾಳ."

ಆದೆಮ್ಮ ಅಳುತ್ತಲೇ ನಕ್ಕಳು. ನಾಲ್ಕು ಮಧ್ಯಾಹ್ನ ನಡುಮನೆಯಲ್ಲಿ ಕುಳಿತು ಅವನು ಹೇಳಿದ, ಅವಳು ಎರಡು ನೋಟ್‌ಬುಕ್ಕಿನಲ್ಲಿ ಬರೆದಳು. ವೀರಭದ್ರಮ್ಮ ಕಂಬಕ್ಕೆ ಒರಗಿ ಕೇಳಿದಳು. ನಡುನಡುವೆ "ಹೌದು, ಹಂಗೇ ಇತ್ತು," ಎನ್ನುತ್ತಿದ್ದಳು. ಮೊದಲ ಮಧ್ಯಾಹ್ನ ಮುಗಿದ ಮೇಲೆ ಅವಳು ತಾನೇ ಕೇಳಿ ಎರಡು ರೊಟ್ಟಿ ಹಾಕಿಸಿಕೊಂಡದ್ದನ್ನು ಕಂಡು ಆದೆಮ್ಮನಿಗೆ ಹೋದ ಜೀವ ಬಂದಂತಾಯಿತು.

ಬರೆಯುತ್ತ ಬರೆಯುತ್ತ ಅವಳಿಗೆ ಕಾಣದ ಮಾವನ ಮೇಲೆ ಪ್ರೀತಿ ಹುಟ್ಟಿತು. ಎಂಥ ಮನುಷ್ಯ! 'ಇಲ್ಲಿ ಖಾನಾವಳಿಯಾಗ ರೊಟ್ಟಿ ಸಿಗ್ತದ ವೀರಿ, ಆದ್ರ ಅದು ಬಡಿಯೋ ಸಪ್ಪಳ ನನಗ ಕೇಳಿಸೂದಿಲ್ಲ. ಸಪ್ಪಳ ಇಲ್ದ ರೊಟ್ಟಿ ಗಂಟಲಾಗ ಇಳಿಯೂದಿಲ್ಲ,' ಎಂದು ಬರೆಯುವ ಗಂಡಸು ಈ ತಾಲೂಕಿನಲ್ಲಿ ಇದ್ದನೇ? ಅವನ ಮಗ ದುರುಗಪ್ಪನಂತೂ ಎರಡು ತಿಂಗಳಲ್ಲಿ ರೊಟ್ಟಿ ಚೆನ್ನಾಗಿದೆ ಎಂದು ಕೂಡ ಹೇಳಿರಲಿಲ್ಲ.

ಉಗಾದಿಗೆ ಇನ್ನೂ ನಾಲ್ಕು ದಿನ ಇರುವಾಗ ಆದೆಮ್ಮ ಕಸದ ಬುಟ್ಟಿಯನ್ನು ತೊಳೆಯಲು ಹಿತ್ತಿಲಿಗೆ ಒಯ್ದಳು. ಒಳಗಿನ ಒಣ ಸೆಗಣಿಯನ್ನು ಕೆರೆಯುವಾಗ ತಳಕ್ಕೆ ಅಂಟಿಕೊಂಡಿದ್ದ ಒಂದು ಕಾರ್ಡು ಕೈಗೆ ಬಂತು. ಮೂಲೆ ಇಲಿ ಕಡಿದದ್ದು. ಅವಳು ಅದನ್ನು ಸೆರಗಿನಿಂದ ಮೆಲ್ಲಗೆ ಒರೆಸಿ ಓದಿದಳು.

'ನಾನು ಕ್ಷೇಮ. ಕೆಂದ ಎತ್ತಿನ ಕಾಲು ಡಾಕ್ಟರಿಗೆ ತೋರಿಸುವುದು.
ಮಳೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದು.
ಇಂತಿ ಜಂಬಣ್ಣ.'

ಹಿಂದೆ ಮುಂದೆ ತಿರುಗಿಸಿದಳು. ಒಂದು ಕಡೆ ವಿಳಾಸ, ಇನ್ನೊಂದು ಕಡೆ ಈ ಮೂರು ಸಾಲು, ಕೆಳಗೆ ಅರ್ಧ ಕಾರ್ಡು ಖಾಲಿ. ಒಳಗೆ ಹೋಗಿ ನೋಟ್‌ಬುಕ್ ತೆಗೆದಳು. ಕೆಂದ ಎತ್ತಿನ ಕಾರ್ಡು ಹದಿನಾಲ್ಕನೆಯದು. ಎತ್ತಿನ ಕಾಲು, ಮಾಳಿಗೆಯ ಮಣ್ಣು ಎಲ್ಲ ಇದ್ದ ಹಾಗೇ ಇತ್ತು. ಅದರ ಮುಂದೆ ಒಂದು ಪುಟ ತುಂಬ ಅವಳದೇ ಅಕ್ಷರದಲ್ಲಿ ರೊಟ್ಟಿ ಬಡಿಯುವ ಸಪ್ಪಳ.

ಆದೆಮ್ಮ ಕಾರ್ಡನ್ನೂ ನೋಟ್‌ಬುಕ್ಕನ್ನೂ ಪಕ್ಕ ಪಕ್ಕ ಹಿಡಿದು ಮತ್ತೊಮ್ಮೆ ನೋಡಿದಳು. ಕಳೆದುಹೋದದ್ದು ಸಿಕ್ಕಿತೆಂದು ಹಿಗ್ಗಬೇಕೋ, ಸಿಗಬಾರದಿತ್ತು ಎನ್ನಬೇಕೋ ತಿಳಿಯಲಿಲ್ಲ. ಒಲೆಗೆ ಹಾಕಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಒಮ್ಮೆ ಬಿಸಾಡಿದ ಕೈ ಅದು, ಎರಡನೆಯ ಸಲ ಧೈರ್ಯ ಬರಲಿಲ್ಲ.

"ಏನದು? ಕಾರ್ಡು ಸಿಕ್ತೇನು?" ವೀರಭದ್ರಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖ ಅರಳಿತ್ತು. "ಓದು ಮತ್ತ, ಓದು!"

ಆದೆಮ್ಮ ಎತ್ತಿನ ಕಾಲು ಓದಿದಳು, ಮಾಳಿಗೆಯ ಮಣ್ಣು ಓದಿದಳು. ಅಲ್ಲಿಗೆ ಅಕ್ಷರ ಮುಗಿದವು. ಅತ್ತೆ ಇನ್ನೂ ಕಾಯುತ್ತಿದ್ದಳು. ಆದೆಮ್ಮ ಖಾಲಿ ಜಾಗದ ಮೇಲೆ ಕಣ್ಣಿಟ್ಟು ಮುಂದುವರಿಸಿದಳು: "ಇಲ್ಲಿ ಖಾನಾವಳಿಯಾಗ ರೊಟ್ಟಿ ಸಿಗ್ತದ ವೀರಿ..." ಒಂದು ಮಾತೂ ಬಿಡದೆ ಕೊನೆ ಮುಟ್ಟಿಸಿದಳು.

ವೀರಭದ್ರಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು. ಒಂದು, ಎರಡು, ಮೂರು.

"ಅಕ್ಷರ ಬರೂದಿಲ್ಲ ಖರೇ, ಎಣಿಸಾಕ ಬರ್ತದಲ್ಲ ಬೇ," ಎಂದಳು. "ನಮ್ಮ ಮನಿಯವ್ರು ಎದುರಿಗಿದ್ದಾಗ್ಲೇ ದಿನಕ್ಕ ಮೂರು ಮಾತು ಆಡಿದವ್ರಲ್ಲ. ಪಾಷಾ ಮೊದಲ್ನೇ ಸಲ ಇಷ್ಟುದ್ದ ಓದಿದಾಗ ನಗು ಬಂದಿತ್ತು. ಆಮ್ಯಾಲ ಅಮಾಸಿ ಯಾವಾಗ ಬರ್ತದ ಅಂತ ಕಾಯಾಕತ್ತಿದೆ."

ಆದೆಮ್ಮ ತೆರೆದಿದ್ದ ನೋಟ್‌ಬುಕ್ ಮುಚ್ಚಿದಳು.

"ಇದು ಸಿಕ್ಕದ್ದು ಪಾಷಾಗ ಹೇಳಬ್ಯಾಡ. ನೊಂದಕೊಂತಾನ," ಎಂದು ವೀರಭದ್ರಮ್ಮ ಕಾರ್ಡನ್ನು ಹಣೆಗೆ ಒತ್ತಿಕೊಂಡು ಸೀರೆಯ ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಅದು ಗಂಡನ ಕೈಬರಹ. ಇಲಿಗೂ ಸಿಗಬಾರದು, ಸೊಸೆಗೂ ಸಿಗಬಾರದು.

ಮುಂದಿನ ಅಮಾವಾಸ್ಯೆಗೆ ಪಾಷಾ ಬಂದ. ಕನ್ನಡಕ ಒರೆಸಿಕೊಂಡು ನೋಟ್‌ಬುಕ್ ತೆರೆದ. ಪೊರೆ ಬಂದ ಕಣ್ಣು, ತೆರೆದದ್ದು ಕೊನೆಯ ಖಾಲಿ ಹಾಳೆ. ಅದರ ಮೇಲೆ ಬೆರಳಿಟ್ಟು ಓದತೊಡಗಿದ: "ವೀರಿ, ಮನಿಗಿ ಸೊಸಿ ಬರ್ತಾಳ ಒಂದಿನ. ತಪ್ಪು ಮಾಡಿದ್ರ ಬೈಬ್ಯಾಡ. ನಿನ್ನ ಕೈ ಸಪ್ಪಳ ಆಕಿಗಿ ಕಲಿಸು..."

ಇಂಥ ಕಾಗದ ಆ ಮೂವತ್ತೊಂದರಲ್ಲಿ ಇರಲಿಲ್ಲ. ಆದೆಮ್ಮ ಬೆರಗಾಗಿ ಅತ್ತೆಯ ಕಡೆ ನೋಡಿದಳು. ವೀರಭದ್ರಮ್ಮ ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದಳು.

"ಇದು ಬರಕೊಂಡಿಲ್ಲ ನೀನು," ಎಂದು ಪಿಸುಗುಟ್ಟಿದಳು. "ಬರಕೊ. ಎರಡು ಪ್ರತಿ."

ಆದೆಮ್ಮ ಗೂಡಿನಲ್ಲಿದ್ದ ಪೆನ್ಸಿಲ್ ತಂದು ಪಾಷಾನ ಪಕ್ಕದಲ್ಲಿ ಕುಳಿತಳು. ವೀರಭದ್ರಮ್ಮ ಎದ್ದು ಒಲೆಯ ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರತೊಡಗಿತು. ಪಾಷಾ ಓದುವುದನ್ನು ನಿಲ್ಲಿಸಿ ಅದನ್ನೇ ಕೇಳುತ್ತ ಕುಳಿತ.