ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿದ್ದು

ಜಾವಾದ ವೊನೊಸೊಬೊ ಪೇಟೆ ದಾಟಿ ಡಿಯೆಂಗ್ ಬೆಟ್ಟಕ್ಕೆ ಏರುವ ರಸ್ತೆಯ ಮಗ್ಗುಲಲ್ಲೇ ಮುರ್ಯಾದಿಯ ಗ್ಯಾರೇಜು. ಎಂಜಿನ್ ಬಿಚ್ಚುವವರು ಆ ಬೀದಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಬೈಕಿನ ವೈರಿಂಗ್ ಕೆಟ್ಟರೆ ಮಾತ್ರ ಎಲ್ಲರೂ ಇವನ ಹತ್ತಿರವೇ ಬರಬೇಕು. ಮೂವತ್ತು ವರ್ಷ ತಂತಿ ಸುಲಿದ ಕೈ ಅದು. ಬೇರೆಯವರು ಮೀಟರ್ ಹಿಡಿದು ತಡಕುವುದನ್ನು ಅವನು ಬೆರಳಲ್ಲಿ ಎಳೆದು ನೋಡಿಯೇ ಹೇಳಿಬಿಡುತ್ತಿದ್ದ. ಹಾಗೆ ಹೇಳಿದ್ದು ಸುಳ್ಳಾದದ್ದು ಕಡಿಮೆ. ಅದರ ಹಮ್ಮೂ ಅವನಿಗೆ ಕಡಿಮೆಯಿರಲಿಲ್ಲ.

ಅವತ್ತು ಮಧ್ಯಾಹ್ನಕ್ಕೆ ಮುಂಚೆ ರುಮಿಯಾತಿ ಬಂದಳು. ಮೇಲಿನ ಹಳ್ಳಿಗಳಿಗೆಲ್ಲ ಹೆರಿಗೆ ಮಾಡಿಸುವ ನರ್ಸು. ಜನ ಆಕೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬು ಬಿದಾನ್ ಅನ್ನುತ್ತಾರೆ, ಹೆರಿಗೆಯಮ್ಮ ಅಂದ ಹಾಗೆ. ಹಿಂದಿನ ವಾರ ಮಂಜಿನಲ್ಲಿ ಎಲೆಕೋಸಿನ ಲಾರಿಯೊಂದು ಹಿಂದಿನಿಂದ ಆಕೆಯ ಬೈಕಿಗೆ ತಗುಲಿ, ಹಿಂದಿನ ಇಂಡಿಕೇಟರ್ ಮುರಿದು ಹೋಗಿತ್ತು. ಈಗ ಪೊಟ್ಟಣದಲ್ಲಿ ಹೊಸ ಎಲ್‌ಇಡಿ ಇಂಡಿಕೇಟರುಗಳನ್ನು ತಂದಿದ್ದಳು.

"ಪಾಕ್," ಅಂದಳು, ಯಜಮಾನರೇ ಅನ್ನುವ ಹಾಗೆ. "ಇದನ್ನ ಹಾಕ್ಕೊಡಿ. ಕುರುಡನಿಗೂ ಕಾಣ್ಬೇಕು."

"ಕುರುಡ ಎಲ್ಲಾದ್ರೂ ಲಾರಿ ಓಡಿಸ್ತಾನಾ ಬು?"

"ಹೋದ ವಾರ ನನ್ನ ಹಿಂದೆ ಬಂದೋನು ಅವನೇ ಇರ್ಬೇಕು."

ಮುರ್ಯಾದಿ ನಗುತ್ತಲೇ ಕೆಲಸಕ್ಕೆ ಕೂತ. ಹಳೆಯ ನಾಲ್ಕನ್ನೂ ಬಿಚ್ಚಿ, ಹೊಸ ನಾಲ್ಕನ್ನು ಕೂರಿಸಿ, ತಂತಿ ಸೇರಿಸಿ ಸ್ವಿಚ್ ಒತ್ತಿದ. ದೀಪ ಬೆಳಕೇನೋ ಚೆನ್ನಾಗಿ ಕೊಟ್ಟಿತು. ಆದರೆ ಓಡಿ ಬಂದವರ ಎದೆ ಹೊಡೆದುಕೊಳ್ಳುವ ಹಾಗೆ ಪಟಪಟನೆ ಮಿಟುಕಿತು.

"ಇದೇನು, ಇದಕ್ಕೇ ಹೆರಿಗೆ ನೋವು ಬಂದಂಗಿದೆ," ಅಂದಳು ರುಮಿಯಾತಿ.

"ಈ ದೀಪ ಇರುವೆ ತಿಂದಷ್ಟು ಕರೆಂಟು ತಿನ್ನುತ್ತೆ ಬು. ಒಳಗೆ ದೀಪ ಮಿಟುಕಿಸೋ ಫ್ಲಾಷರ್‌ಗೆ ಬಲ್ಬೇ ಸುಟ್ಟೋಯ್ತು ಅನ್ಸುತ್ತೆ, ಅದಕ್ಕೇ ಅವಸರ ಬೀಳುತ್ತೆ. ಇದನ್ನ ಜೊತೆಗೆ ಕೊಟ್ರೆ ಸುಮ್ನಾಗುತ್ತೆ." ಡ್ರಾಯರಿನಿಂದ ಎರಡು ಲೋಡ್ ಈಕ್ವಲೈಸರ್ ತೆಗೆದು ತೋರಿಸಿದ. ಬೆರಳುದ್ದದ, ಮೈತುಂಬ ಏಣುಗಳಿದ್ದ, ಹೊಂಬಣ್ಣದ ಅಲ್ಯೂಮಿನಿಯಂ ತುಂಡುಗಳು. ಹಳೆಯ ಬಲ್ಬು ತಿನ್ನುತ್ತಿದ್ದಷ್ಟು ಕರೆಂಟನ್ನು ತಾವು ತಿಂದು, ಅದನ್ನೆಲ್ಲ ಶಾಖವಾಗಿ ಬಿಡುವುದೇ ಅವುಗಳ ಕೆಲಸ. ಹಾಗಾಗಿ ಅವನ್ನು ಚಾಸಿಯ ಕಬ್ಬಿಣಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ತಂತಿ, ರಬ್ಬರು, ಪ್ಲಾಸ್ಟಿಕ್ಕಿನಿಂದ ದೂರ ಇಡಬೇಕು. ಮುರ್ಯಾದಿಗೆ ಇದು ಗೊತ್ತಿಲ್ಲದ್ದಲ್ಲ.

ಅವನು ಡ್ರಿಲ್ಲಿಗೆ ಕೈ ಹಾಕುವಷ್ಟರಲ್ಲಿ ಆಕೆಗೆ ಫೋನು ಬಂತು. ಸೆಂಬುಂಗನ್ ಹಳ್ಳಿಯ ಕಾಸ್ಮಿನ್. ಹೆಂಡತಿಗೆ ನೀರಿನ ಚೀಲ ಒಡೆದಿತ್ತು.

"ಇನ್ನೆಷ್ಟೊತ್ತು ಪಾಕ್?"

"ಬೋಲ್ಟ್ ಹಾಕೋಕೆ ಅರ್ಧ ಗಂಟೆ."

"ಅರ್ಧ ಗಂಟೆ ತಡ್ಕೋ ಅಂತ ಮಗೂಗೆ ಹೇಳೋರ್ಯಾರು?"

ಅವನು ಡ್ರಿಲ್ ಕೆಳಗಿಟ್ಟ. ಎರಡೂ ತುಂಡುಗಳನ್ನು ಪಕ್ಕದ ಮುಚ್ಚಳದ ಒಳಗೆ, ಜಾಗ ಇದ್ದ ಕಡೆ ಒತ್ತಿ, ತಂತಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳಿಂದ ಚಾಸಿಯ ಕೊಳವೆಗೆ ಬಿಗಿದ. ಪೆಟ್ರೋಲಿನ ರಬ್ಬರ್ ನಳಿಗೆ ಎರಡೇ ಬೆರಳು ಆಚೆ ಹಾದು ಹೋಗಿತ್ತು. ಸ್ವಿಚ್ ಒತ್ತಿದ. ಈಗ ದೀಪ ನಿಧಾನವಾಗಿ, ಅಳೆದು ತೂಗಿದಂತೆ ಮಿಟುಕಿತು.

"ಸದ್ಯಕ್ಕೆ ಸಾಕು ಬು. ತಿರುವಿನಲ್ಲಿ ಒಂದೆರಡು ಸಲ ಹಾಕಿದ್ರೆ ಇದು ಬೆಚ್ಚಗೂ ಆಗಲ್ಲ. ವಾಪಸ್ ಬರ್ತಾ ನಿಲ್ಲಿಸಿ, ಗಟ್ಟಿ ಮಾಡ್ಕೊಡ್ತೀನಿ."

ಆಕೆ ಚೀಲ ಹೆಗಲಿಗೇರಿಸಿ ಹೊರಟಳು. ಬೆಟ್ಟದ ತಲೆಯ ಮೇಲೆ ಆಗಲೇ ಮೋಡ ಕೂತಿತ್ತು. ಬೀದಿಯ ಕೊನೆಯಲ್ಲಿ ನಾಲ್ಕು ದೀಪಗಳೂ ಒಟ್ಟಿಗೆ ಮಿಟುಕಿದವು. ಮಂಜಿಗೆ ಹೋಗುವವರೆಲ್ಲ ಹಜಾರ್ಡ್ ಸ್ವಿಚ್ ಒತ್ತಿಕೊಂಡೇ ಹೋಗುತ್ತಾರೆ. ಎಷ್ಟು ದೂರಕ್ಕೂ ಕಾಣುತ್ತದಲ್ಲ ಎಂದು ಮುರ್ಯಾದಿ ಸೊಂಟಕ್ಕೆ ಕೈಯಿಟ್ಟು ನೋಡಿದ.

ಒಳಗೆ ಬಂದು ಇನ್ನೊಬ್ಬರ ಫ್ಲಾಷರ್ ಪರೀಕ್ಷೆಗೆ ಕೂತ. ಬ್ಯಾಟರಿಗೆ ಅದನ್ನೂ ಒಂದು ಈಕ್ವಲೈಸರನ್ನೂ ಸೇರಿಸಿ, ಮಿಟುಕಲಿ ಎಂದು ಮೇಜಿನ ಮೇಲೆ ಬಿಟ್ಟು, ಹಿಂದಿನ ಮನೆಗೆ ಊಟಕ್ಕೆ ಹೋದ. ತಿರುಗಿ ಬಂದಾಗ ಅಂಗಡಿಯಲ್ಲಿ ಕಮಟು ವಾಸನೆ. ಕರಿದ ಸೋಯಾ ತೆಂಪೆ ತಂದಿದ್ದ ಪ್ಲಾಸ್ಟಿಕ್ ಚೀಲದ ಮೂಲೆ ಆ ಹೊಂಬಣ್ಣದ ತುಂಡಿಗೆ ತಾಗಿ, ಕರಗಿ, ಮೇಜಿಗೆ ಅಂಟಿಕೊಂಡಿತ್ತು. ಅವನು ತುಂಡನ್ನು ಮುಟ್ಟಿ ಥಟ್ಟನೆ ಕೈ ಹಿಂತೆಗೆದ.

ಅರ್ಧ ಗಂಟೆ ಮಿಟುಕಿದ್ದಕ್ಕೇ ಇಷ್ಟು. ಆಕೆ ತಿರುವಿನಲ್ಲಿ ಮಾತ್ರ ಹಾಕುತ್ತಿರಲಿಲ್ಲ. ದಾರಿಯುದ್ದಕ್ಕೂ ನಾಲ್ಕೂ ಉರಿಯುತ್ತಿದ್ದವು. ಆ ಸ್ವಿಚ್ ಕೂರಿಸಿದವನೂ ಅವನೇ.

ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಾಗ ಸಿಗ್ನಲ್ಲೇ ಇಲ್ಲ. ಅಂಗಡಿಯ ಬಾಗಿಲು ಎಳೆದು ತನ್ನ ಹಳೆಯ ಬೈಕು ಹತ್ತಿದ.

ದಾರಿಯ ಕೆಜಾಜರ್ ಹಳ್ಳಿಯಲ್ಲಿ ವಿಚಾರಿಸಿದಾಗ ಕಾಫಿ ಅಂಗಡಿಯ ಮುದುಕಿ ಬೆಟ್ಟದತ್ತ ಕೈ ತೋರಿಸಿದಳು. "ಬು ಬಿದಾನ್ ಆಗ್ಲೇ ಹೋದ್ರಪ್ಪ. ಮದುವೆ ಮನೆ ಥರ ನಾಲ್ಕೂ ದೀಪ ಹಾಕ್ಕೊಂಡು. ಯಾಕೆ, ನಿನ್ನ ಮನೇಲೂ ಯಾರಿಗಾದ್ರೂ ನೋವಾ?"

ಅವನು ಗಾಡಿ ಮುಂದಕ್ಕೆ ಬಿಟ್ಟ.

ತಿಯೆಂಗ್ ಹಳ್ಳಿ ದಾಟುತ್ತಲೇ ಮಂಜು ರಸ್ತೆಗಿಳಿಯಿತು. ಮುಂದಿನ ಹತ್ತು ಮಾರು ಬಿಟ್ಟರೆ ಏನೂ ಕಾಣದು. ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಬಿಳಿಯ ಶೂನ್ಯ. ಎದುರಿಗೆ ಬಂದ ಲಾರಿಗಳ ಸದ್ದು ಮೊದಲು, ಆಮೇಲೆ ದೀಪ. ಅವನು ಪ್ರತಿ ತಿರುವಿನಲ್ಲೂ ರಸ್ತೆಯಂಚನ್ನು ನೋಡುತ್ತಾ, ಮೂಗರಳಿಸಿ ವಾಸನೆ ಹಿಡಿಯುತ್ತಾ ಹೋದ. ಒಂದು ಕಡೆ ಸುಟ್ಟ ವಾಸನೆ ಬಂದೇ ಬಂತು. ಬೈಕನ್ನು ಅಲ್ಲೇ ಬೀಳಿಸಿ ಮಣ್ಣಿನ ಏರಿ ಇಳಿದು ಓಡಿದ. ಒಬ್ಬ ರೈತ ಒಣಗಿದ ಆಲೂಗಡ್ಡೆ ಬಳ್ಳಿಗೆ ಬೆಂಕಿ ಹಾಕಿ ಕೈ ಕಾಯಿಸಿಕೊಳ್ಳುತ್ತಿದ್ದ.

"ಯಾರನ್ನ ಹುಡುಕ್ತಿದೀರ ಪಾಕ್? ಮುಖ ಯಾಕೆ ಹಂಗಾಗಿದೆ?"

ಅವನು ಕೈಯಾಡಿಸಿ ಮತ್ತೆ ಮೇಲೆ ಹತ್ತಿದ. ಬಿದ್ದ ಬೈಕನ್ನೆತ್ತಿ ಹೊರಟ.

ಸೆಂಬುಂಗನ್ ಮುಟ್ಟಿದಾಗ ಊರೇ ಕಾಣುತ್ತಿರಲಿಲ್ಲ. ಮನೆಗಳ ತಗಡಿನ ಅಂಚು, ಕೋಳಿಯ ಸದ್ದು, ಅಷ್ಟೇ. ಆಮೇಲೆ ದೂರದಲ್ಲಿ ಕೇಸರಿ ಚುಕ್ಕಿಗಳು ಮೂಡಿ ಆರಿದವು, ಮೂಡಿ ಆರಿದವು. ಆಕೆ ಬದುಕಿ ಊರು ಸೇರಿದ್ದಳು.

ಹತ್ತಿರ ಹೋದಂತೆ ರಬ್ಬರು ಬೇಯುವ ಸಿಹಿಸಿಹಿ ವಾಸನೆ ಬಂತು.

ಬೈಕು ಕಾಸ್ಮಿನ್‌ನ ಹಲಗೆ ಗೋಡೆಗೆ ಒರಗಿದಂತೆ, ಸೂರಿನ ಕೆಳಗೆ ನಿಂತಿತ್ತು. ಪಕ್ಕದಲ್ಲಿ ಎದೆಯೆತ್ತರ ಒಟ್ಟಿದ ಸೌದೆ. ಅದರ ಮೇಲೆ ಪುಟ್ಟ ಕಿಟಕಿ, ಬಟ್ಟೆಯ ಪರದೆ. ಪರದೆಯಾಚೆ ಹೆಣ್ಣೊಬ್ಬಳು ಹಲ್ಲು ಕಚ್ಚಿ ನರಳುತ್ತಿದ್ದಳು. "ಇನ್ನೊಂದ್ ಸಲ ತಾಯಿ, ಇನ್ನೊಂದೇ ಸಲ," ಎಂದು ರುಮಿಯಾತಿ ಹೇಳುವುದು ಕೇಳುತ್ತಿತ್ತು. ಬೈಕಿನ ಪಕ್ಕದ ಮುಚ್ಚಳ ಮೇಣದಂತೆ ಜೋತು, ಅದರ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು.

ಕೀ ಗಾಡಿಯಲ್ಲೇ ಇತ್ತು. ತಿರುಗಿಸಿದ. ದೀಪ ಆರಿತು. ಹೊಗೆ ಆರಲಿಲ್ಲ. ಪಟ್ಟಿ ಕರಗಿ ತುಂಡು ನಳಿಗೆಯ ಮೇಲೆ ಕೂತಿರಬೇಕು, ಪೆಟ್ರೋಲು ಹನಿಯುತ್ತಿರಬೇಕು. ಅದನ್ನು ನೋಡುತ್ತಾ ನಿಲ್ಲಲು ಹೊತ್ತಿರಲಿಲ್ಲ. ಸ್ಟ್ಯಾಂಡ್ ಒದ್ದು ಎರಡೂ ಕೈಯಲ್ಲಿ ಎಳೆದ. ಅಂಗಳದ ಇಳಿಜಾರಿಗೆ ಚಕ್ರ ಹೊರಳುವಷ್ಟರಲ್ಲಿ ಸೀಟಿನ ಕೆಳಗೆ ನೀಲಿಯಾಗಿ ಹತ್ತಿಕೊಂಡಿತು. ಅವನು ಬಿಡಲಿಲ್ಲ. ಎಡಗೈಯನ್ನು ಉರಿಯುವ ಮುಚ್ಚಳಕ್ಕೇ ಕೊಟ್ಟು ಹತ್ತು ಹೆಜ್ಜೆ ನೂಕಿ, ಆಲೂಗಡ್ಡೆ ಹೊಲದ ಅಂಚಿನಿಂದ ಕೆಳಕ್ಕೆ ಉರುಳಿಸಿದ. ಅದು ಮಗುಚಿ ಬಿದ್ದು, ಧಗ್ಗನೆ ಉರಿಯಿತು. ಮಂಜೆಲ್ಲ ಕೆಂಪಾಯಿತು.

ಕಾಸ್ಮಿನ್ ಓಡಿ ಬಂದವನು ಬಾಯಿ ತೆರೆದು ನಿಂತ. ಅಷ್ಟರಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿತು. ಅವನು ಬೆಂಕಿಯನ್ನೂ ಬಾಗಿಲನ್ನೂ ಸರದಿಯಂತೆ ನೋಡಿ, ಕೊನೆಗೆ ಒಳಗೆ ಓಡಿದ.

ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ರುಮಿಯಾತಿ ಮೊದಲೇ ಅನುಮಾನಪಟ್ಟು ಆರೋಗ್ಯ ಕೇಂದ್ರದ ಗಾಡಿಗೆ ಹೇಳಿಕಳಿಸಿದ್ದಳು. ಮಂಜಿನಲ್ಲಿ ಮನೆ ಗುರುತು ಸಿಗಲೆಂದೇ ದೀಪ ಮಿಟುಕಲು ಬಿಟ್ಟಿದ್ದಳು. ಗಾಡಿ ಬಂತು. "ಯಾರದೋ ಬೆಂಕಿ ಕಾಣ್ತು, ಅದನ್ನ ಹಿಡ್ಕೊಂಡು ಬಂದೆ," ಅಂದ ಡ್ರೈವರು. ಬಾಣಂತಿಯನ್ನೂ ಮಗುವನ್ನೂ ಗಾಡಿಗೆ ಸಾಗಿಸಿದರು. ಜೊತೆಗೆ ಬಂದಿದ್ದ ನರ್ಸು ಸಲೈನ್ ಎತ್ತಿ ಹಿಡಿದಳು. ಆ ತಾಯಿ ಉಳಿದುಕೊಂಡಳು ಎಂಬ ಸುದ್ದಿ ಬಂದದ್ದು ಮಾರನೆಯ ದಿನ.

ಹೊರಡುವ ಮುಂಚೆ ಕಾಸ್ಮಿನ್ ಮುರ್ಯಾದಿಯ ಮೊಣಕೈ ಹಿಡಿದುಕೊಂಡ. "ಪಾಕ್, ನಿಮ್ಮನ್ನ ದೇವರೇ ಕಳಿಸಿದ್ದು. ಸೌದೆ ಹತ್ತಿದ್ರೆ ನನ್ನೋರು ಇಬ್ರೂ ಇರ್ತಿರಲಿಲ್ಲ." ಸುತ್ತ ನೆರೆದವರು ಹೌದು ಹೌದು ಅಂದರು.

ಗಾಡಿ ಹೋದ ಮೇಲೆ ರುಮಿಯಾತಿ ಅವನನ್ನು ಜಗುಲಿಯಲ್ಲಿ ಕೂರಿಸಿ, ಸುಟ್ಟ ಅಂಗೈಗೆ ನೀರು ಹೊಯ್ದು ಬಟ್ಟೆ ಸುತ್ತತೊಡಗಿದಳು. ಕೆಳಗೆ ಹೊಲದಲ್ಲಿ ಬೈಕಿನ ಎಲುಬು ಇನ್ನೂ ಹೊಗೆಯಾಡುತ್ತಿತ್ತು.

"ನಂದೇ ತಪ್ಪು ಪಾಕ್," ಅಂದಳು. "ಅಗ್ಗಕ್ಕೆ ಸಿಗುತ್ತೆ ಅಂತ ದೀಪ ತರಿಸ್ದೆ ನೋಡಿ."

ಅವನು ಸುಮ್ಮನಿದ್ದರೆ ಆಗುತ್ತಿತ್ತು. ಇಡೀ ಊರು ಅದನ್ನೇ ನಂಬುತ್ತಿತ್ತು. ಆಕೆ ಬಟ್ಟೆಯ ಎರಡು ಸುತ್ತು ಮುಗಿಸಿದಳು.

"ದೀಪದ್ದಲ್ಲ ಬು. ದೀಪ ಚೆನ್ನಾಗಿತ್ತು. ನಾನು ಕಟ್ಟಿದ್ದು ತಪ್ಪು. ಅದು ಕಾಯುತ್ತೆ ಅಂತ ನಂಗೆ ಗೊತ್ತಿತ್ತು. ಪ್ಲಾಸ್ಟಿಕ್ ಪಟ್ಟಿ ಹಾಕಿ, ಪೆಟ್ರೋಲ್ ನಳಿಗೆ ಪಕ್ಕದಲ್ಲೇ ಕಟ್ಟಿಬಿಟ್ಟೆ."

ಆಕೆಯ ಕೈ ನಿಂತಿತು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಆಕೆ ಬಟ್ಟೆಯ ತುದಿ ಸಿಕ್ಕಿಸಿ, ಅವನ ಮುಖ ನೋಡಿ ಕೇಳಿದಳು:

"ಹಿಂಗೆ ಇನ್ನೆಷ್ಟು ಗಾಡಿಗೆ ಕಟ್ಟಿದೀರ?"

ಮುರ್ಯಾದಿ ಆ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡೇ ಇರಲಿಲ್ಲ. ಈ ಎರಡು ತಿಂಗಳಲ್ಲಿ ಎಲ್ಲರಿಗೂ ಎಲ್‌ಇಡಿಯ ಹುಚ್ಚು. ಬೋಲ್ಟಿಗಿಂತ ಪಟ್ಟಿ ಬೇಗ ಮುಗಿಯುತ್ತದೆ. ಅವನು ಸರಿಯಿದ್ದ ಕೈಯ ಬೆರಳು ಮಡಚುತ್ತಾ ಹೋದ. ಐದು ಬೆರಳೂ ಮುಗಿದ ಮೇಲೆ ಬಟ್ಟೆ ಸುತ್ತಿದ ಕೈಯನ್ನು ನೋಡಿದ.

"ಆರು," ಅಂದ.

ಮಾರನೆಯ ಬೆಳಿಗ್ಗೆ ಶುರುಮಾಡಿ ನಾಲ್ಕು ದಿನದಲ್ಲಿ ಐದು ಗಾಡಿಗಳನ್ನು ಹುಡುಕಿ ಸರಿಮಾಡಿದ. ಮೇಷ್ಟರೊಬ್ಬರ ಬೈಕಿನಲ್ಲಿ ಪಟ್ಟಿ ಆಗಲೇ ಕಂದಿ, ತಂತಿಯ ಹೊದಿಕೆ ಕಪ್ಪಾಗಿತ್ತು. ಏನೂ ಮುಚ್ಚಿಡದೆ ಪ್ರತಿಯೊಬ್ಬರಿಗೂ ನಡೆದದ್ದು ಹೇಳಿದ. ಇಬ್ಬರು ಅವನ ಅಂಗಡಿಗೆ ಮತ್ತೆ ಬರಲಿಲ್ಲ.

ಆರನೆಯದು ಯಾವುದೋ ಊರಿನ ಗಾಡಿ. ಗಂಡ ಹೆಂಡತಿ, ನಡುವೆ ಹಸಿರು ಸ್ವೆಟರಿನ ಮಗು. ದಾರಿಯಲ್ಲಿ ಇಂಡಿಕೇಟರ್ ಹುಚ್ಚಾಟ ಮಾಡುತ್ತಿದೆ ಎಂದು ನಿಲ್ಲಿಸಿ, ಕಾಲು ಗಂಟೆಯಲ್ಲಿ ಕಟ್ಟಿಸಿಕೊಂಡು, ಕೈ ಕುಲುಕಿ ಹೋಗಿದ್ದರು. ಹೆಸರು ಕೇಳಿರಲಿಲ್ಲ, ನಂಬರು ನೋಡಿರಲಿಲ್ಲ. ಮುರ್ಯಾದಿ ಬೆಟ್ಟದ ಎರಡೂ ಬದಿಯ ಗ್ಯಾರೇಜುಗಳಿಗೆ ಹೋಗಿ ಹೇಳಿಬಂದ, ಪೆಟ್ರೋಲ್ ಬಂಕುಗಳಲ್ಲಿ ಚೀಟಿ ಅಂಟಿಸಿದ, ಪಕ್ಕದ ಜಿಲ್ಲೆಯ ಬಂಜರ್‌ನೆಗಾರದವರೆಗೂ ಹೋಗಿ ವಿಚಾರಿಸಿದ. ಆ ಸಾಲಿನ ಮಳೆಗಾಲ ಬಂತು, ಮಂಜು ದಿನಾ ಪೇಟೆಯವರೆಗೂ ಇಳಿಯತೊಡಗಿತು. ಅವರ ಸುದ್ದಿ ಮಾತ್ರ ಯಾರಿಂದಲೂ ಬರಲಿಲ್ಲ.