ತೊಟ್ಟು ಸಿಕ್ಕಿಸಿದ ಎಲೆ

ಮಂಗಳಮ್ಮ ವೀಳ್ಯದೆಲೆ ಮಡಿಸುವ ರೀತಿಯೇ ಬೇರೆ. ಮಡಿಕೆ ಬಿಚ್ಚದಿರಲೆಂದು ಊರೆಲ್ಲ ಲವಂಗ ಚುಚ್ಚಿದರೆ, ಅವಳು ಎಲೆಯ ತೊಟ್ಟನ್ನೇ ಬಾಗಿಸಿ ಒಳಗೆ ಸಿಕ್ಕಿಸುತ್ತಿದ್ದಳು. ಅಜ್ಜಿಯಿಂದ ಬಂದ ಕೈ ಅದು. ಒಂಟಿಕೊಪ್ಪಲಿನ ವಠಾರದಲ್ಲಿ ಅದನ್ನು ಕಲಿಸಿದ್ದು ಒಬ್ಬಳಿಗೇ, ಪಕ್ಕದ ಮನೆಯ ಅಂಬುಜಮ್ಮನಿಗೆ. ಗಂಡ ಸತ್ತು ಒಂಟಿಯಾಗಿದ್ದ ಹೆಂಗಸು. ಇಬ್ಬರೂ ಒಂದೇ ಒರಳಲ್ಲಿ ರುಬ್ಬುತ್ತಿದ್ದರು, ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು.

ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು. ಮುಟ್ಟಾಗಿ ಮೂರು ದಿನ ಹಿತ್ತಲ ಜಗುಲಿಯಲ್ಲಿ ಕೂತಿದ್ದ ಮಂಗಳಮ್ಮ ನಾಲ್ಕನೆಯ ಬೆಳಿಗ್ಗೆ ತಲೆಗೆ ಮಿಂದು ಒಗೆಯಲು ಕೂತಳು. ಗಂಡ ನಂಜುಂಡಸ್ವಾಮಿ ಹಿಂದಿನ ದಿನ ತೊಟ್ಟಿದ್ದ ಜುಬ್ಬವನ್ನು ಕೊಡವಿದಾಗ, ಮಡಿಸಿದ ಎಲೆಯೊಂದು ಒಗೆಯುವ ಕಲ್ಲಿನ ಮೇಲೆ ಬಿತ್ತು. ಇನ್ನೂ ಬಾಡಿರಲಿಲ್ಲ. ತೊಟ್ಟನ್ನು ಒಳಗೆ ಸಿಕ್ಕಿಸಲಾಗಿತ್ತು.

ಮೂರು ದಿನದಿಂದ ಅವಳು ಎಲೆತಟ್ಟೆ ಮುಟ್ಟಿರಲಿಲ್ಲ.

ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ಆರು ತಿಂಗಳಾಯಿತು ಎಂದು ತಲೆ ತಗ್ಗಿಸಿದ. ಅಂಬುಜಮ್ಮ ವಾರದೊಳಗೆ ಮನೆ ಖಾಲಿ ಮಾಡಿ ಲಕ್ಷ್ಮೀಪುರದ ಅಣ್ಣನ ಮನೆ ಸೇರಿದಳು. ಹೊರಡುವಾಗ ಬಾಗಿಲ ಹೊರಗೆ ನಿಂತು, "ಮಂಗಳಾ, ಒಂದೇ ಒಂದ್ಮಾತು ಕಣೇ" ಎಂದಳು. ಮಂಗಳಮ್ಮ ಅಗಳಿ ತೆಗೆಯಲಿಲ್ಲ.

ಗಂಡ ಮನೆಯಲ್ಲೇ ಉಳಿದ. ಎರಡು ಹೆಣ್ಣುಮಕ್ಕಳ ತಂದೆ, ಎಲ್ಲಿಗೆ ಅಟ್ಟುವುದು? ಅನ್ನ ಬಡಿಸಿದಳು, ಜ್ವರ ಬಂದರೆ ಕಷಾಯ ಕಾಯಿಸಿದಳು. ಎಲೆ ಮಾತ್ರ ಮಡಿಸಲಿಲ್ಲ. ಮೊದಮೊದಲು ಅವನು ಉಂಡಾದ ಮೇಲೆ ತಟ್ಟೆಯತ್ತ ನೋಡುತ್ತ ಕೂರುತ್ತಿದ್ದ. ಆಮೇಲೆ ಅದೂ ನಿಂತಿತು. ಹೊರಗೆ ಇನ್ಯಾರೋ ಮಡಿಸಿಕೊಡುತ್ತಿದ್ದಾರೆ ಎಂದುಕೊಂಡಳು. ದಿನಾ ಸಂಜೆ ಅವನು ಕೈಕಾಲು ತೊಳೆಯಲು ಹೋದಾಗ ಜುಬ್ಬದ ಜೇಬಿಗೆ ಕೈ ಹಾಕುವುದು ರೂಢಿಯಾಯಿತು. ಬರಿದಾದ ಜೇಬನ್ನೂ ನಂಬಲಾರದೆ ಮೂಸಿ ನೋಡುವಳು.

ಒಂದು ಸಂಜೆ ನೋಡುತ್ತಾಳೆ, ಗೂಟದಲ್ಲಿ ನೇತಾಡುವ ಜುಬ್ಬದ ಜೇಬು ಹೊರಕ್ಕೆ ಮಗುಚಿದೆ, ನಾಲಿಗೆ ಚಾಚಿದ ಹಾಗೆ. ಮರುದಿನವೂ ಹಾಗೇ. 'ಹುಡುಕ್ಕೋ' ಎಂದು ಅಣಕಿಸುತ್ತಾನೆಂದು ಅವಳ ಮೈ ಉರಿಯಿತು. ಆ ಉರಿಯನ್ನು ನುಂಗಿಕೊಂಡೇ ಹನ್ನೆರಡು ವರ್ಷ ಕಳೆದಳು. ಮಕ್ಕಳ ಮದುವೆಯೂ ಆಯಿತು.

ಒಂದು ದಿನ ನಂಜುಂಡಸ್ವಾಮಿ ಉಳಿದಿದ್ದ ಆರು ಹಲ್ಲನ್ನೂ ಕೀಳಿಸಿಕೊಂಡು, ಬಾಯಿಗೆ ಟವೆಲು ಒತ್ತಿ ಮನೆಗೆ ಬಂದ. ಜುಬ್ಬ ಕಳಚಿ ಗೂಟಕ್ಕೆ ಹಾಕಿ ಗೋಡೆಗೊರಗಿದ. ಅಂದು ಜೇಬು ಮಗುಚಿರಲಿಲ್ಲ. ಮಂಗಳಮ್ಮ ಅವನ ಎದುರಿಗೇ ಕೈ ಹಾಕಿದಳು. ಕಾಗದದ ಪೊಟ್ಟಣ ಸಿಕ್ಕಿತು.

"ಇದೇನ್ರೀ?"

"ಹಲ್ಲು ಕಣೇ. ಅಲ್ಲೇ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ನೋವಲ್ಲಿ ಜೇಬು ಮಗುಚೋದೂ ಮರ್ತ್‌ಬುಟ್ಟೆ."

"ಅಣಕಿಸೋದು ಮರ್ತ್ರಿ ಅನ್ನಿ."

ಅವನು ಟವೆಲು ಕೆಳಗಿಟ್ಟ. "ಅಣಕವಾ? ತಪ್ಪು ಮಾಡಿದೋನು ನಾನು. ನೀನು ಕಳ್ಳಿ ಹಂಗೆ ಕದ್ದು ಕೈ ಹಾಕೋದು ನೋಡಕ್ಕಾಗ್ತಿರ್ಲಿಲ್ಲ. ಅದಕ್ಕೇ ನಾನೇ ಮಗುಚಿ ಇಡ್ತಿದ್ದೆ."

ಮಂಗಳಮ್ಮ ಪೊಟ್ಟಣ ಬಿಚ್ಚಿದಳು. ಹಳದಿ ತಿರುಗಿದ ಹಲ್ಲುಗಳು. ಎಲೆ ಅಡಿಕೆಯ ಕೆಂಪು ಎಲ್ಲೂ ಇರಲಿಲ್ಲ.

"ಎಲೆ?"

"ಅವತ್ತಿಂದ ಬಾಯಿಗೆ ಹಾಕಿಲ್ಲ. ನೀನು ಮಡಿಸ್ಕೊಟ್ರೆ ಸರಿ, ಇಲ್ದಿದ್ರೆ ಬೇಡ ಅನ್ಕೊಂಡಿದ್ದೆ."

"ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಪೊಟ್ಟಣವನ್ನು ಮತ್ತೆ ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಅವನು ಮಾಡಿದ್ದು ಸಣ್ಣ ತಪ್ಪಲ್ಲ. ಈಗಲೂ ಅದು ಸಣ್ಣದಾಗಲಿಲ್ಲ. ಆದರೆ ಆರು ತಿಂಗಳ ತಪ್ಪಿಗೆ ಇಬ್ಬರೂ ಸೇರಿ ಹನ್ನೆರಡು ವರ್ಷ ಸುರಿದಿದ್ದರು.

ವಸಡು ಮಾಯಲು ತಿಂಗಳು ಹಿಡಿಯಿತು. ಆಮೇಲೊಂದು ಮಧ್ಯಾಹ್ನ ಮಂಗಳಮ್ಮ ಅಟ್ಟದಿಂದ ಎಲೆತಟ್ಟೆ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಮೊದಲನೆಯ ಎಲೆಯ ತೊಟ್ಟು ಮುರಿಯಿತು. ಎರಡನೆಯದು ನಿಂತಿತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಬೊಚ್ಚುಬಾಯಲ್ಲಿ ನಕ್ಕ.

"ಅಗಿಯೋದು ಹೆಂಗೆ ಕಣೇ ಈಗ?"

"ಕೊಡಿ ಇಲ್ಲಿ."

ಮಡಿಸಿದ್ದನ್ನು ಬಿಚ್ಚಿ ಅತ್ತೆಯ ಕಾಲದ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದಳು. ಕುಟ್ಟುತ್ತಿದ್ದಾಗ ಅಂಬುಜ ನೆನಪಾದಳು. ಅಣ್ಣನಿಗೆ ವರ್ಗವಾಗಿ ಅವರೆಲ್ಲ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು, ಎಲ್ಲಿದ್ದಾರೆಂದು ಹೇಳುವವರಿಲ್ಲ. ಆ ಒಂದು ಮಾತು ಏನಿತ್ತೋ. ಅಗಳಿ ತೆಗೆದು ಬೈದಾದರೂ ಕಳಿಸಬಹುದಿತ್ತು.

ಸಂಜೆ ಗೂಟದಲ್ಲಿ ಜೇಬು ಎಂದಿನಂತೆ ಮಗುಚಿತ್ತು. ಮಂಗಳಮ್ಮ ಎರಡು ಬೆರಳಿನಿಂದ ಅದನ್ನು ಒಳಕ್ಕೆ ತಳ್ಳಿದಳು.

"ಇನ್ಮೇಲೆ ಮಗುಚ್ಬೇಡಿ."

"ಮತ್ತೆ ನೀನು ನೋಡಲ್ವಾ?"

"ನೋಡ್ತೀನೋ ಏನೋ, ಕೈಗೆ ರೂಢಿಯಾಗಿದೆ. ಏನಾದ್ರೂ ಸಿಕ್ರೆ ನಿಮ್ಮನ್ನೇ ಬಾಯ್ಬಿಟ್ಟು ಕೇಳ್ತೀನಿ, ಬುಡಿ."