ಆರಾಮ್ ಅಂದ ತಪ್ಪಿಗೆ

ಚಿಕಿತ್ಸೆ, ಪರಿಹಾರ ಕೇಳಿದ್ದ ಗ್ಲೆಂಡಾ ಸ್ಟಿಡಮ್‌ಳ ಅರ್ಜಿಯನ್ನು ಮಾಜಿ ಸೈನಿಕರ ಇಲಾಖೆ ಎರಡನೇ ಸಲ ತಿರಸ್ಕರಿಸಿದಾಗ, ಕೊಟ್ಟ ಕಾರಣ ಅವಳದೇ ಬಾಯಿಂದ ಬಂದದ್ದಾಗಿತ್ತು. ಶ್ವಾಸಕೋಶ ಪರೀಕ್ಷೆಗೆಂದು ಇಲಾಖೆ ಗೊತ್ತುಮಾಡಿದ ಡಾಕ್ಟರು ಒಳಗೆ ಬರುತ್ತಲೇ "ಹೇಗಿದ್ದೀರಿ?" ಎಂದು ಕೇಳಿದ್ದರು. ಇವಳು "ಆರಾಮಾಗಿದೀನಿ ಸಾರ್" ಎಂದಿದ್ದಳು. ಅವರು ಅದನ್ನೇ ಬರೆದುಕೊಂಡರು: ತಾನು ಆರಾಮಾಗಿರುವುದಾಗಿ ರೋಗಿಯೇ ಹೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಸರ್ಕಾರಿ ಕಚೇರಿಗಳಿಗೆ ಗೊತ್ತಿರುವಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಆರಾಮಾಗಿದ್ದವಳು ಬಟ್ಟೆ ಒಗೆಯುವ ಬುಟ್ಟಿ ಎತ್ತಿದರೆ ಉಸಿರಿಗಾಗಿ ಗೋಡೆ ಹಿಡಿಯುತ್ತಿದ್ದಳು. ಮಲಗಿದರೆ ಎದೆಯೊಳಗೆ ಸಿಳ್ಳೆ. ಹನ್ನೊಂದು ವರ್ಷದ ಕೆಳಗೆ ಇರಾಕಿನಲ್ಲಿ ಸೈನ್ಯದ ಲಾರಿ ಓಡಿಸಿಕೊಂಡಿದ್ದಾಗ ಹತ್ತಿದ ಕೆಮ್ಮು ಅದು, ಇವಳ ಜೊತೆಗೇ ಕೆಂಟಕಿಗೆ ಬಂದು ಸಂಸಾರ ಹೂಡಿತ್ತು.

ನಮ್ಮ ಈ ಗುಡ್ಡಗಳಲ್ಲಿ "ಹೇಗಿದ್ದೀಯ" ಅಂದರೆ "ಆರಾಮ್" ಅನ್ನಬೇಕು. ಕಾಲು ಮುರಿದಿದ್ದರೂ ಆರಾಮ್, ಮನೆ ಹೊಳೆ ಪಾಲಾಗಿದ್ದರೂ ಆರಾಮ್. ನೋವು ಹೇಳಿಕೊಂಡವನನ್ನು ಜನ ಕೈಚಾಚಿದವನ ಹಾಗೆ ನೋಡುತ್ತಾರೆ. ಗ್ಲೆಂಡಾಳ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿದು ಎದೆ ತುಂಬ ಕರಿಧೂಳು ತುಂಬಿಕೊಂಡಿದ್ದ. ಏರುದಾರಿಯಲ್ಲಿ ಉಸಿರು ಸಿಕ್ಕಿಕೊಂಡಾಗ ನಿಂತು, "ಬೆಟ್ಟ ಎಷ್ಟು ಚೆಂದ ಕಾಣ್ತಿದೆ ನೋಡೇ" ಅನ್ನುತ್ತಿದ್ದ. ಮಗಳೂ ನೋಡುತ್ತಿದ್ದಳು. ಅಪ್ಪನಿಗೆ ಬೆಟ್ಟದ ಹುಚ್ಚು ಎಂದೇ ಅವಳು ತಿಳಿದಿದ್ದಳು. ಗಣಿಯ ಡಾಕ್ಟರಿಗೂ ಅವನು ಕೊನೆತನಕ ಆರಾಮ್ ಎಂದೇ ಹೇಳಿದ, ಬಿಡಿಗಾಸು ಪರಿಹಾರವಿಲ್ಲದೆ ಸತ್ತ.

ಅಂಥ ನಾಲಿಗೆ ಸೈನ್ಯ ಸೇರಿದರೆ ಕೇಳಬೇಕೆ? ಅಲ್ಲಿ ಡಾಕ್ಟರ ಬಳಿ ಹೋದವನಿಗೆ ಮೈಗಳ್ಳ ಅನ್ನುವ ಹೆಸರು ಗ್ಯಾರಂಟಿ. ಯುದ್ಧ ಮುಗಿಸಿ ಬಂದ ದಿನ ದೊಡ್ಡ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, "ಆರೋಗ್ಯದ ತೊಂದರೆ ಇದ್ದವರು ಎಡಕ್ಕೆ ಬನ್ನಿ, ಪರೀಕ್ಷೆಗೆ ಇಲ್ಲೇ ಉಳೀಬೇಕಾಗತ್ತೆ. ಇಲ್ಲದವರು ಬಲಕ್ಕೆ, ಬಸ್ಸು ಕಾಯ್ತಿದೆ" ಎಂದಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಗ್ಲೆಂಡಾ ಕೆಮ್ಮನ್ನು ನುಂಗಿಕೊಂಡು ಬಲಕ್ಕೆ ಹೋದಳು. ಮೊದಲನೇ ಸಲ ಅರ್ಜಿ ತಿರಸ್ಕರಿಸಿದಾಗ ಇಲಾಖೆ ಆ ಬಲಗಡೆಯನ್ನೇ ಎತ್ತಿ ತೋರಿಸಿತ್ತು.

ಈಗ ಉಳಿದದ್ದು ನ್ಯಾಯಾಧೀಶರ ಮುಂದಿನ ಮೇಲ್ಮನವಿ ಒಂದೇ. ಅದನ್ನು ನಡೆಸಿಕೊಡಲು ಒಪ್ಪಿದವನು ಹೋಬರ್ಟ್ ನೋಬಲ್, ಅಪ್ಪನ ಗೆಳೆಯ, ವಿಯೆಟ್ನಾಂ ಯುದ್ಧ ಕಂಡು ಬಂದ ಮುದುಕ. ಊರಿನ ಮಾಜಿ ಸೈನಿಕರ ಇಂಥ ಕೇಸುಗಳನ್ನೆಲ್ಲ ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದ, ಬೈಗುಳವನ್ನೂ ಬಿಟ್ಟಿಯಾಗಿಯೇ ಕೊಡುತ್ತಿದ್ದ.

"ಹೇಗಿದ್ದೀಯೇ ಗ್ಲೆಂಡಾ?" ಎಂದ, ಕಾಫಿ ಮುಂದಿಡುತ್ತ.

"ಆರಾಮ್ ಮಾಮ."

"ಕೇಸು ಸೋತೆ ನೀನು. ಎದ್ದು ಮನೆಗೆ ಹೋಗು."

"ಅಯ್ಯೋ, ನೀನು ಸುಮ್ನೆ ಕೇಳ್ದೆ ಅಂದ್ಕೊಂಡೆ."

"ಆ ಡಾಕ್ಟರೂ ಸುಮ್ನೇ ಕೇಳಿದ್ದು. ಬರ್ಕೊಂಡಿದ್ದು ಮಾತ್ರ ಸುಮ್ನೆ ಅಲ್ಲ."

ಅಂದಿನಿಂದ ಮುದುಕ ಅವಳ ಬೆನ್ನು ಬಿಡಲಿಲ್ಲ. ದಿನಸಿ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದರೆ ಹಿಂದಿನಿಂದ ಬಂದು "ಹೇಗಿದ್ದೀಯೇ?" ಎಂದು ಕೇಳಿದ. ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಬಗ್ಗಿ ಕೇಳಿದ. ಪ್ರತಿಸಲವೂ ನಾಲಿಗೆ ಮೊದಲು ಓಡಿತು, ಬುದ್ಧಿ ಆಮೇಲೆ ಬಂತು.

"ಇದು ನಾಲಿಗೆ ಅಲ್ಲ, ಗಿಳಿ," ಎಂದ ಹೋಬರ್ಟ್. "ನಿಮ್ಮಪ್ಪ ಸಾಕಿದ್ದು, ನಿನಗೆ ಬಿಟ್ಟುಹೋಗಿದಾನೆ."

ಆ ಮಾತು ಗ್ಲೆಂಡಾಳಿಗೆ ನಾಟಿತು. ಅಪ್ಪನ ಮೇಲೆ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು.

ವಿಚಾರಣೆಯ ದಿನ ಇಬ್ಬರೂ ನಗರದ ಕಚೇರಿಗೆ ಹೋದರು. ನ್ಯಾಯಾಧೀಶೆ ಇದ್ದದ್ದು ವಾಷಿಂಗ್ಟನ್ನಿನಲ್ಲಿ; ಇಲ್ಲಿ ಗೋಡೆಯ ಮೇಲಿನ ಟೀವಿಯಲ್ಲಿ ಅವರ ಮುಖ ಮೂಡಿತು, ಬಿಳಿಗೂದಲು, ಮೂಗಿನ ತುದಿಯಲ್ಲಿ ಕನ್ನಡಕ.

"ಗುಡ್ ಮಾರ್ನಿಂಗ್ ಮಿಸ್ ಸ್ಟಿಡಮ್. ಹೇಗಿದ್ದೀರಿ?"

"ಆರಾಮಾಗಿದೀನಿ ಮೇಡಂ. ನೀವು?"

ಹೋಬರ್ಟ್ ಕಣ್ಣು ಮುಚ್ಚಿಕೊಂಡ. ಗ್ಲೆಂಡಾಳ ಕಿವಿ ಬಿಸಿಯಾಯಿತು. ನ್ಯಾಯಾಧೀಶೆ ನಗುತ್ತ ಹಾಳೆ ತಿರುವುತ್ತಿದ್ದರು. ಸುಮ್ಮನೆ ಬಿಟ್ಟರೆ ಈ ಮಾತೂ ಡಾಕ್ಟರು ಬರೆದುಕೊಂಡ ಆ ಮಾತಿನ ಜೊತೆ ಹೋಗಿ ಕೂರುತ್ತದೆ ಎಂದು ಅವಳಿಗೆ ಅನ್ನಿಸಿತು.

"ಮೇಡಂ, ಒಂದು ನಿಮಿಷ. ನಾನೀಗ ಸುಳ್ಳು ಹೇಳಿದೆ."

ಅವರು ತಲೆ ಎತ್ತಿದರು. "ಗಾಬರಿ ಬೇಡ, ಇನ್ನೂ ಪ್ರಮಾಣ ಮಾಡಿಸಿಲ್ಲ."

"ಹಾಗಾದ್ರೆ ಮೊದಲು ಪ್ರಮಾಣ ಮಾಡಿಸಿ. ಆಮೇಲೆ ಅದೇ ಪ್ರಶ್ನೇನ ಇನ್ನೊಂದ್ಸಲ ಕೇಳಿ."

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು, ಬಲಗೈ ಎತ್ತಲು ಹೇಳಿ, ಸತ್ಯವನ್ನೇ ನುಡಿಯುವ ಪ್ರಮಾಣ ಮಾಡಿಸಿದರು. "ಮಿಸ್ ಸ್ಟಿಡಮ್, ಹೇಗಿದ್ದೀರಿ?"

"ಚೆನ್ನಾಗಿಲ್ಲ." ಹೇಳಿದ ಮೇಲೆ ಕಟ್ಟೆ ಒಡೆಯಿತು. "ಕೆಳಗಿಂದ ಇಲ್ಲಿಗೆ ಬರೋಷ್ಟರಲ್ಲಿ ಎರಡು ಸಲ ನಿಂತೆ. ಶೂ ಲೇಸು ಕಟ್ಟೋ ಹಾಗೆ ಬಗ್ಗಿದ್ದೆ. ಇದಕ್ಕೆ ಲೇಸೇ ಇಲ್ಲ, ನೋಡಿ." ಕಾಲು ಮುಂದೆ ಚಾಚಿ ತೋರಿಸಿದಳು. "ನಮ್ಮ ಕ್ಯಾಂಪಿನ ಕಸ ಎಲ್ಲಾ ಒಂದು ಗುಂಡಿಗೆ ಹಾಕಿ ವಿಮಾನದ ಎಣ್ಣೆ ಸುರಿದು ಸುಡ್ತಿದ್ರು. ಟೈರು, ಬ್ಯಾಟರಿ, ಆಸ್ಪತ್ರೆ ಕಸ, ಏನುಂಟು ಏನಿಲ್ಲ. ಕಸದ ಲಾರಿ ಹೊಡೀತಿದ್ದೋಳು ನಾನೇ. ಹಗಲು ಆ ಗುಂಡಿ ಬಾಯಲ್ಲಿ ನಿಲ್ತಿದ್ದೆ, ಮಲಗೋ ಡೇರೆಗೂ ಅದೇ ಹೊಗೆ. ಉಗುಳಿದ್ರೆ ಕಪ್ಪು. ನಮ್ಮಪ್ಪ ಉಗುಳ್ತಿದ್ದ ಹಾಗೇ."

"ಆಗಲೇ ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಬಾರದು ಅಂತ ಕಲಿಸಿದ್ದು ಯಾರು ಮೇಡಂ? ಆರಾಮ್ ಅಂದಾಗ ಬೆನ್ನು ತಟ್ಟಿದ್ರಿ, ಪದಕ ಕೊಟ್ರಿ. ಈಗ ಅದೇ ಮಾತು ಹಿಡ್ಕೊಂಡು ಬಾಗಿಲು ಹಾಕ್ತೀರಿ. ಆ ಡಾಕ್ಟರು ನನ್ನ ಎದೆಗೆ ಕಿವಿ ಕೊಟ್ಟಿದ್ರೆ ಸಾಕಿತ್ತು, ಬಾಯಿಗೆ ಯಾಕೆ ಕೊಡಬೇಕಿತ್ತು? ನಾನು ಭಿಕ್ಷೆ ಕೇಳೋಕೆ ಬಂದಿಲ್ಲ. ಇದನ್ನ ನಿಮ್ಮ ಕೆಲಸದಲ್ಲಿ ತಂದ್ಕೊಂಡೆ, ಔಷಧಿ ನೀವು ಕೊಡಿ."

ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಯಾವಾಗಲೂ ನುಂಗುತ್ತಿದ್ದವಳು ಈ ಸಲ ನುಂಗಲಿಲ್ಲ. ಮೇಜಿಗೆ ಎರಡೂ ಕೈ ಊರಿ, ಇದ್ದಷ್ಟನ್ನೂ ಕೆಮ್ಮಿದಳು. ವಾಷಿಂಗ್ಟನ್ನಿನಲ್ಲಿ ತಮ್ಮ ಪಕ್ಕ ಕೂತು ಟೈಪು ಮಾಡುತ್ತಿದ್ದವಳಿಗೆ ನ್ಯಾಯಾಧೀಶೆ ಮೆಲ್ಲಗೆ ಹೇಳಿದರು: "ಇದನ್ನೂ ದಾಖಲಿಸಿ."

ಕೆಮ್ಮು ನಿಂತ ಮೇಲೆ ಅವರು, "ತೀರ್ಪು ಬರೆದು ಕಳಿಸ್ತೀನಿ, ಶ್ವಾಸಕೋಶದ ತಜ್ಞರಿಂದ ಹೊಸ ಪರೀಕ್ಷೆ ಆದ ಮೇಲೆ. ಆದರೆ ಒಂದು ಮಾತು ಈಗಲೇ ಇರಲಿ. ಕುಶಲ ಕೇಳಿದ್ದಕ್ಕೆ ಕೊಟ್ಟ ಉತ್ತರ ಮರ್ಯಾದೆ ಅನ್ನಿಸಿಕೊಳ್ಳುತ್ತೆ, ಸಾಕ್ಷಿ ಅಲ್ಲ. ಹಳೇ ಪರೀಕ್ಷೇನ ನಾನು ಲೆಕ್ಕಕ್ಕೆ ತಗೊಳ್ಳಲ್ಲ" ಎಂದರು.

ಹೊರಗೆ ಉದ್ದನೆಯ ಮೊಗಸಾಲೆ. ಅರ್ಧ ದಾರಿಗೆ ಗ್ಲೆಂಡಾಳ ಉಸಿರು ಸಿಕ್ಕಿಕೊಂಡಿತು. ಪಕ್ಕದಲ್ಲೇ ಒಂದು ಕಿಟಕಿ, ಆಚೆ ನೋಡಲು ಒಳ್ಳೇ ಮರಗಳೂ ಇದ್ದವು. ಅವಳು ಕಿಟಕಿಗೆ ಬೆನ್ನು ಹಾಕಿ ನಿಂತಳು.

ಅಲ್ಲೇ ಒಂದು ಬಾಗಿಲ ಬಳಿ ಕೂತಿದ್ದ ಕಾವಲಿನವನು ಟೊಪ್ಪಿ ಮುಟ್ಟಿಕೊಂಡು, "ಹೇಗಿದ್ದೀರಿ ಮೇಡಂ?" ಎಂದ.

"ಉಸಿರು ಸಿಗ್ತಿಲ್ಲ. ನಿಮ್ಮ ಕುರ್ಚಿ ಕೊಡಿ."

ಅವನು ತಬ್ಬಿಬ್ಬಾಗಿ ಎದ್ದು ಕುರ್ಚಿ ತಳ್ಳಿದ. ಹೋಗಿಬರುವವರೆಲ್ಲ ನೋಡುತ್ತಿದ್ದಂತೆ ಗ್ಲೆಂಡಾ ಮೊಗಸಾಲೆಯ ನಟ್ಟನಡುವೆ ಕೂತಳು. ಹೋಬರ್ಟ್ ಟೊಪ್ಪಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತ.

"ಹೊರಡೋಣವೇನೇ?" ಎಂದ ಸ್ವಲ್ಪ ಹೊತ್ತಿನ ಮೇಲೆ.

"ಇರು ಮಾಮ, ಇನ್ನೂ ಆರಾಮಾಗಿಲ್ಲ," ಎಂದಳು ಗ್ಲೆಂಡಾ, ಕಾಲು ಚಾಚಿಕೊಂಡು.